‘ವೀಸಾ ಬರಲಿ, ಆಮೇಲೆ ನೋಡೋಣ’ ಅಂದರೆ ವೀಸಾ ಬರುವುದಿಲ್ಲ

ಪ್ರಶ್ನೆ: ನಾನು ಹುಟ್ಟಿದ್ದು 1995ರಲ್ಲಿ, ನ್ಯೂಜೆರ್ಸಿಯಲ್ಲಿ. ಅಪ್ಪ ಆಗ ಅಲ್ಲಿ ಕೆಲಸದಲ್ಲಿದ್ದರು. ನನಗೆ ನಾಲ್ಕು ವರ್ಷವಿದ್ದಾಗ ಎಲ್ಲರೂ ಮೈಸೂರಿಗೆ ವಾಪಸ್ ಬಂದೆವು. ಓದಿದ್ದು, ಬೆಳೆದದ್ದು ಇಲ್ಲೇ. ಅಮೆರಿಕದ ಪಾಸ್‌ಪೋರ್ಟ್ ಇದೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. 2024ರ ನವೆಂಬರಿನಲ್ಲಿ ಹಾಸನದ ಹುಡುಗಿಯ ಜೊತೆ ಮದುವೆಯಾಯಿತು, ರಿಜಿಸ್ಟರ್ ಕೂಡ ಆಗಿದೆ. ಇಬ್ಬರೂ ಅಮೆರಿಕಕ್ಕೆ ಹೋಗಿ ನೆಲೆಸಬೇಕೆಂದಿದ್ದೇವೆ. ನಾನು ಮೊದಲು ಹೋಗಿ ಕೆಲಸ ಹಿಡಿದು ಆಮೇಲೆ ಅವಳಿಗೆ ಅರ್ಜಿ ಹಾಕಬೇಕೋ, ಇಲ್ಲಿಂದಲೇ ಹಾಕಬಹುದೋ? ಪ್ರವಾಸಿ ವೀಸಾದಲ್ಲಿ ಕರೆದುಕೊಂಡು ಹೋಗಿ ಅಲ್ಲೇ ಗ್ರೀನ್ ಕಾರ್ಡ್ ಮಾಡಿಸು ಎನ್ನುತ್ತಾರೆ ನೆಂಟರು. ನಾನು ಈವರೆಗೆ ಅಮೆರಿಕದಲ್ಲಿ ತೆರಿಗೆ ಫೈಲ್ ಮಾಡಿಲ್ಲ. ಹೆಂಡತಿಗೆ ಈಗ ನಾಲ್ಕು ತಿಂಗಳು.

ಉತ್ತರ: ಮೊದಲು ಅಭಿನಂದನೆ, ನಾಲ್ಕು ತಿಂಗಳ ಸುದ್ದಿಗೆ. ಪತ್ರದ ಕಟ್ಟಕಡೆಯ ವಾಕ್ಯದಲ್ಲಿ ಅದನ್ನು ತುರುಕಿದ್ದೀರಿ. ನಿಮ್ಮ ಕೇಸಿನ ಅರ್ಧ ತೊಡಕು ಇರುವುದೇ ಅಲ್ಲಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಇಲ್ಲಿಂದಲೇ ಹಾಕಬಹುದು. ಹಾಕಬೇಕು ಕೂಡ, ಕಾಯುವುದರಲ್ಲಿ ಯಾವ ಲಾಭವೂ ಇಲ್ಲ. ಹೆಂಡತಿಗಾಗಿ ನೀವು ಸಲ್ಲಿಸುವ ಮೊದಲ ಅರ್ಜಿ ಐ-130. ‘ಇವಳು ನನ್ನ ಹೆಂಡತಿ, ನಾನು ಅಮೆರಿಕದ ಪ್ರಜೆ’ ಎಂದು ದಾಖಲೆ ಸಮೇತ ತೋರಿಸುವುದಷ್ಟೇ ಅದರ ಕೆಲಸ. ನೀವು ಜಯನಗರದಲ್ಲಿದ್ದೀರೋ ಜರ್ಸಿ ಸಿಟಿಯಲ್ಲಿದ್ದೀರೋ ಎಂಬುದನ್ನು ಆ ಹಂತದಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ಜಾಲತಾಣದಲ್ಲಿ ಖಾತೆ ತೆರೆದು ಬೆಂಗಳೂರಿನ ಮನೆಯಲ್ಲೇ ಕುಳಿತು ಸಲ್ಲಿಸಿ. 2024ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ಶುಲ್ಕ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ 675. ಹಿಂದೆ ವಿದೇಶದ ಕಚೇರಿಯಲ್ಲೇ ಅರ್ಜಿ ಕೊಟ್ಟು ಬೇಗ ಮುಗಿಸಿಕೊಂಡವರ ಕಥೆಗಳನ್ನು ನೀವು ಕೇಳಿರಬಹುದು. ಆ ದಾರಿ ಈಗ ತೀರಾ ವಿಶೇಷ ಸಂದರ್ಭಗಳಿಗೆ ಮಾತ್ರ. ನಿಮಗೆ ಬೆಂಗಳೂರು ಮನೆ, ಆದರೆ ಅವರ ಕಡತದಲ್ಲಿ ನೀವು ‘ವಿದೇಶದಲ್ಲಿರುವ ಅಮೆರಿಕನ್’. ಈ ವಿಚಿತ್ರಕ್ಕೆ ಈಗಲೇ ಒಗ್ಗಿಕೊಳ್ಳಿ, ಮುಂದೆ ಬರುವುದೆಲ್ಲ ಇದರ ಸುತ್ತಲೇ.

ಪ್ರವಾಸಿ ವೀಸಾದ ಉಪಾಯವನ್ನು ಇಲ್ಲೇ ಕೈಬಿಡಿ. ನೆಲೆಸುವ ಉದ್ದೇಶ ಮನಸ್ಸಿನಲ್ಲಿಟ್ಟುಕೊಂಡು ‘ಸುತ್ತಾಡಿ ಬರುತ್ತೇವೆ’ ಎಂದು ವೀಸಾ ಅಧಿಕಾರಿಗೆ ಹೇಳಿದರೆ ಅದು ಸುಳ್ಳು ಹೇಳಿಕೆ. ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ನಿಮ್ಮ ಹೆಂಡತಿಗೆ ಜೀವನಪರ್ಯಂತ ಮುಚ್ಚಬಹುದು. ಆ ಕಾನೂನಿಗೆ ಕಾಲಮಿತಿಯೇ ಇಲ್ಲ. ಅಲ್ಲೇ ಹೆರಿಗೆಯಾದರೆ ಮಗುವಿಗೆ ಪೌರತ್ವ ಸಿಗುತ್ತದೆ ಎನ್ನುವವರಿಗೂ ಇದೇ ಉತ್ತರ. ಮುಖ್ಯ ಉದ್ದೇಶ ಅದು ಎಂದು ಕಂಡರೆ ಪ್ರವಾಸಿ ವೀಸಾ ನಿರಾಕರಿಸಬೇಕೆಂಬ ನಿಯಮ 2020ರ ಜನವರಿಯಿಂದ ಇದೆ. ನಿಮ್ಮ ನೆಂಟರಲ್ಲಿ ಯಾರೋ 1998ರಲ್ಲಿ ಹಾಗೆ ಮಾಡಿ ದಡ ಸೇರಿರಬಹುದು, ಅವರ ಕಾಲ ಬೇರೆ.

ಈಗ ನಿಜವಾದ ವಿಷಯ. ಗಂಡ-ಹೆಂಡತಿ ವೀಸಾ ಅಂದರೆ ಎಲ್ಲರೂ ಮದುವೆ ಅಸಲಿ ಎಂದು ಸಾಬೀತು ಮಾಡುವುದರಲ್ಲೇ ಮುಳುಗುತ್ತಾರೆ. ನಿಮ್ಮಂಥವರಿಗೆ ಅದು ಸಮಸ್ಯೆಯೇ ಅಲ್ಲ. ಒಂದೇ ಮನೆಯಲ್ಲಿದ್ದೀರಿ, ಬಾಡಿಗೆ ಕರಾರು ಇಬ್ಬರ ಹೆಸರಲ್ಲಿ ಮಾಡಿಸಬಹುದು, ಜಂಟಿ ಖಾತೆ ತೆರೆಯಬಹುದು, ಎಲ್‌ಐಸಿ ಪಾಲಿಸಿಗೆ ಹೆಂಡತಿಯೇ ನಾಮಿನಿ. ಲಗ್ನಪತ್ರಿಕೆ, ಧಾರೆಯದ್ದು ಎರಡು ಫೋಟೋ, ಎರಡೂ ಕಡೆಯ ಹಿರಿಯರು ಜೊತೆಗಿರುವುದು ನಾಲ್ಕು, ಮದುವೆಯ ನಂತರ ಬೇರೆ ಬೇರೆ ತಿಂಗಳು ತೆಗೆದದ್ದು ಹತ್ತು, ಅಷ್ಟು ಸಾಕು. ಆರುನೂರು ಪುಟದ ಆಲ್ಬಂ ಸ್ಕ್ಯಾನ್ ಮಾಡಿಸಿ ಕಳಿಸಿದವರನ್ನು ಕಂಡಿದ್ದೇನೆ, ಅದರಿಂದ ಲಾಭವಾದದ್ದು ಸ್ಟುಡಿಯೋದವನಿಗೆ. ಹಿರಿಯರು ನೋಡಿ ಮಾಡಿದ ಮದುವೆ ಎಂದು ಅಳುಕುವುದೂ ಬೇಡ, ಸಂದರ್ಶನ ನಡೆಸುವ ಅಮೆರಿಕದ ಮುಂಬೈ ಕಾನ್ಸುಲೇಟಿನವರು ದಿನ ಬೆಳಗಾದರೆ ನೋಡುವುದು ಅಂಥವನ್ನೇ.

ನಿಮ್ಮ ಕೇಸು ನಿಲ್ಲುವುದು, ಬೀಳುವುದು ಬೇರೆ ಕಡೆ: ಐ-864 ಎಂಬ ಫಾರಂನಲ್ಲಿ. ಹೆಂಡತಿ ಅಲ್ಲಿ ಸರ್ಕಾರದ ಸಹಾಯಧನಕ್ಕೆ ಕೈಚಾಚದಂತೆ ನೋಡಿಕೊಳ್ಳುತ್ತೇನೆ ಎಂದು ನೀವು ಬರೆದುಕೊಡುವ ಮುಚ್ಚಳಿಕೆ ಅದು. ಹಣದ ವಿಷಯ ಎಂದು ಎಲ್ಲರೂ ಆದಾಯದ ಕಾಲಂ ನೋಡಿ ಗಾಬರಿಯಾಗುತ್ತಾರೆ. ಆದರೆ ಅದಕ್ಕಿಂತ ಮೊದಲಿನ ಷರತ್ತೊಂದಿದೆ. ಸಹಿ ಹಾಕುವವನ ಡಾಮಿಸೈಲ್, ಅಂದರೆ ಕಾಯಂ ನೆಲೆ, ಅಮೆರಿಕದಲ್ಲಿರಬೇಕು. ಆದಾಯ ಸಾಲದಿದ್ದರೆ ಜಾಮೀನಿಗೆ ಇನ್ನೊಬ್ಬರನ್ನು ತರಬಹುದು. ನೆಲೆ ಇಲ್ಲದಿದ್ದರೆ ಯಾರನ್ನು ತಂದರೂ ತುಂಬುವುದಿಲ್ಲ. ನೀವೋ ನಾಲ್ಕನೇ ವಯಸ್ಸಿನಿಂದ ಅಲ್ಲಿಲ್ಲ.

ಇದಕ್ಕೆ ದಾರಿ ಇದೆ. ಈಗಾಗಲೇ ಅಲ್ಲಿ ನೆಲೆ ಇಲ್ಲದವನು, ಹೆಂಡತಿ ಅಮೆರಿಕ ಪ್ರವೇಶಿಸುವ ದಿನದೊಳಗೆ ಅಲ್ಲಿ ನೆಲೆ ಊರುತ್ತಾನೆ ಎಂಬುದನ್ನು ತೋರಿಸಿದರೆ ಒಪ್ಪುತ್ತಾರೆ. ಅವಳಿಗಿಂತ ಮೊದಲು ಹೋಗಬೇಕು, ಇಲ್ಲವೇ ಅವಳ ಜೊತೆಯಲ್ಲೇ. ಬಾಯಿಮಾತು ನಡೆಯುವುದಿಲ್ಲ, ಇಟ್ಟ ಹೆಜ್ಜೆ ಕಾಣಬೇಕು. ಕೆಲವು ವರ್ಷದ ಹಿಂದೆ ನನ್ನ ಬಳಿ ಬಂದ ದಂಪತಿಯದ್ದು ನಿಮ್ಮಂಥದೇ ಕೇಸು. ಕಾಗದವೆಲ್ಲ ಅಚ್ಚುಕಟ್ಟು. ಸಂದರ್ಶನದಲ್ಲಿ ಹುಡುಗಿಯನ್ನು ಕೇಳಿದ್ದು ಹೆಚ್ಚೇನಿಲ್ಲ. ನಿಮ್ಮ ಗಂಡ ಎಲ್ಲಿದ್ದಾರೆ? ಹೊರಗೆ ರಸ್ತೆಯಲ್ಲಿ ಕಾಯುತ್ತಿದ್ದಾರೆ, ಬೆಂಗಳೂರಿನಲ್ಲಿ ಕೆಲಸ. ಅಮೆರಿಕಕ್ಕೆ ಯಾವಾಗ ಹೋಗುತ್ತಾರೆ? ‘ನನಗೆ ವೀಸಾ ಬರಲಿ, ಆಮೇಲೆ ನೋಡೋಣ ಅಂತಿದ್ದಾರೆ.’ ನಮ್ಮ ಮನೆಗಳಲ್ಲಿ ಇದಕ್ಕಿಂತ ಪ್ರಾಮಾಣಿಕ ಉತ್ತರ ಇನ್ನೊಂದಿಲ್ಲ. ಸೈಟು ಕೊಳ್ಳುವುದರಿಂದ ಹಿಡಿದು ಮಗನ ಮುಂಜಿಯವರೆಗೆ ಎಲ್ಲವೂ ‘ನೋಡೋಣ’. ಕಿಟಕಿಯಿಂದ 221(ಜಿ) ಚೀಟಿ, ಅಂದರೆ ವೀಸಾ ಸದ್ಯಕ್ಕೆ ತಡೆಹಿಡಿದಿದೆ ಎಂಬ ಕಾಗದ, ಹೊರಬಂತು, ಗಂಡನ ನೆಲೆಯ ದಾಖಲೆ ಕೊಡಿ ಎಂದು. ಆ ಹುಡುಗ ಆಮೇಲೆ ಕೆಲಸ ಬಿಟ್ಟು, ಹೋಗಿ, ಮನೆ ಹಿಡಿದು, ಕಾಗದ ಕಳಿಸುವಷ್ಟರಲ್ಲಿ ಏಳು ತಿಂಗಳು. ಆ ಚೀಟಿಗೆ ಒಂದು ವರ್ಷದೊಳಗೆ ಉತ್ತರ ಕೊಡದಿದ್ದರೆ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಶುಲ್ಕ.

ಆದ್ದರಿಂದ ನನ್ನ ಸಲಹೆ: ಐ-130 ಮಂಜೂರಾಗಿ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ (ಸಂದರ್ಶನಕ್ಕೆ ಮುನ್ನ ಶುಲ್ಕ, ಕಾಗದ ಪಡೆಯುವ ಅಮೆರಿಕದ ಕಚೇರಿ) ಹೋದ ಮೇಲೆ, ಸಂದರ್ಶನಕ್ಕೆ ಎರಡು ಮೂರು ತಿಂಗಳು ಮೊದಲೇ ನೀವು ಹೊರಡಿ. ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಆ ರಾಜ್ಯದ ಡ್ರೈವಿಂಗ್ ಲೈಸೆನ್ಸ್, ಫೋನ್ ಬಿಲ್, ಇವು ನಾಲ್ಕಿದ್ದರೆ ಅರ್ಧ ಯುದ್ಧ ಮುಗಿಯಿತು. ಹೆರಿಗೆ, ಬಾಣಂತನ ನೋಡಿಕೊಂಡು ಹೋಗಲಾಗದಿದ್ದರೆ ಜೊತೆಯಲ್ಲೇ ಹೋಗುವ ದಾರಿಯೂ ಇದೆ ಎಂದೆನಲ್ಲ, ಆದರೆ ಆಗ ಇಲ್ಲಿಂದಲೇ ಬೇರು ಕೀಳುತ್ತಿರುವುದು ಕಾಣಬೇಕು: ರಾಜೀನಾಮೆ ಪತ್ರ, ಅಲ್ಲಿಯ ಕೆಲಸದ ಆಫರ್ ಅಥವಾ ಕೆಲಸಕ್ಕೆ ಅರ್ಜಿ ಹಾಕಿದ ದಾಖಲೆ, ಅಲ್ಲಿಗೆ ವರ್ಗಾಯಿಸಿದ ಹಣ, ಸಾಮಾನು ಸಾಗಿಸುವವರ ಕೊಟೇಶನ್, ಇಳಿದುಕೊಳ್ಳುವ ಮನೆಯವರ ಪತ್ರ.

ಇನ್ನು ಆದಾಯ. ಅಮೆರಿಕದ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಕುಟುಂಬಕ್ಕೆ 26,437 ಡಾಲರ್, ಮಗು ಸೇರಿ ಮೂವರಾದರೆ 33,312. ಪ್ರತಿ ವರ್ಷದ ಆರಂಭದಲ್ಲಿ ಈ ಅಂಕಿ ಏರುತ್ತದೆ. ನಿಮ್ಮ ಬೆಂಗಳೂರು ಸಂಬಳ ಇದಕ್ಕಿಂತ ಹೆಚ್ಚೇ ಇರಬಹುದು, ಆದರೆ ಅದು ಲೆಕ್ಕಕ್ಕಿಲ್ಲ. ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯುವ ಆದಾಯಕ್ಕೆ ಮಾತ್ರ ಬೆಲೆ. ಇಲ್ಲೇ ನಿಮ್ಮ ಕೈಯಲ್ಲೊಂದು ತುರುಪು ಇದೆ, ನೀವು ಅದನ್ನು ನೋಡಿದಂತಿಲ್ಲ. ನಿಮ್ಮ ಕಂಪನಿಗೆ ಅಮೆರಿಕದಲ್ಲಿ ಕಚೇರಿ ಇದ್ದರೆ ಎಚ್‌ಆರ್ ಬಳಿ ಹೋಗಿ. ಪಕ್ಕದ ಸೀಟಿನವನನ್ನು ಕಳಿಸಲು ಅವರು ಎಚ್-1ಬಿ ಎಂಬ ಉದ್ಯೋಗ ವೀಸಾದ ಲಾಟರಿ ಕಾಯಬೇಕು, ವಕೀಲರಿಗೆ ದುಡ್ಡು ಸುರಿಯಬೇಕು. ನಿಮ್ಮನ್ನು ಕಳಿಸಲು ವಿಮಾನದ ಟಿಕೆಟ್ ಸಾಕು. ವರ್ಗಾವಣೆ ಪತ್ರದಲ್ಲಿ ದಿನಾಂಕ, ಊರು, ಡಾಲರ್ ಸಂಬಳ ಇದ್ದರೆ ನೆಲೆ ಮತ್ತು ಆದಾಯ ಎರಡಕ್ಕೂ ಅದೊಂದೇ ಕಾಗದ ಉತ್ತರ.

ಅದು ಆಗದಿದ್ದರೆ ಆಸ್ತಿ ತೋರಿಸಬಹುದು: ಹನ್ನೆರಡು ತಿಂಗಳೊಳಗೆ ನಗದಾಗುವಂಥದ್ದು, ಕೊರತೆಯ ಮೂರು ಪಟ್ಟು. ಆದಾಯ ಸೊನ್ನೆ ಎಂದು ಹಿಡಿದರೆ ಮೂವರಿಗೆ ಸುಮಾರು 1 ಲಕ್ಷ ಡಾಲರ್. ಮೈಸೂರಿನ ಮನೆ ಅಪ್ಪನ ಹೆಸರಿನಲ್ಲಿದ್ದರೆ ಅದು ಬರುವುದಿಲ್ಲ, ನಿಮ್ಮದೋ ಹೆಂಡತಿಯದೋ ಆಗಿರಬೇಕು. ಇಲ್ಲವೇ ಜಂಟಿ ಜಾಮೀನುದಾರರು. ಅಮೆರಿಕದಲ್ಲೇ ನೆಲೆಸಿರುವ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವರು, ನೆಂಟರೇ ಆಗಬೇಕೆಂದಿಲ್ಲ. ನಾಲ್ಕು ಜನರ ಸಂಸಾರದವರಾದರೆ ನಿಮ್ಮ ಹೆಂಡತಿಯನ್ನು ಸೇರಿಸಿ ಐದು, ಅಂದರೆ 47,062 ಡಾಲರ್ ಆದಾಯ. ಅವರು ಜಾಮೀನು ಕೊಟ್ಟರೂ ನಿಮ್ಮ ಐ-864 ನೀವು ಕೊಡಲೇಬೇಕು. ಒಂದು ಮಾತು: ಹಬ್ಬದ ದಿನ ಚಿಕ್ಕಪ್ಪನಿಗೆ ಫೋನ್ ಮಾಡಿ ‘ಒಂದು ಸೈನ್ ಬೇಕಿತ್ತು’ ಎಂದು ಮುಗಿಸುವ ವಿಷಯವಲ್ಲ ಇದು. ನಿಮ್ಮ ಹೆಂಡತಿ ಪ್ರಜೆಯಾಗುವವರೆಗೆ, ಅಥವಾ 40 ತ್ರೈಮಾಸಿಕಗಳ (ಸುಮಾರು ಹತ್ತು ವರ್ಷದ) ದುಡಿಮೆ ಅವಳ ಲೆಕ್ಕಕ್ಕೆ ಸೇರುವವರೆಗೆ, ಆ ಸಹಿ ಅವರ ಕೊರಳಿಗೆ ಇರುತ್ತದೆ. ನಾಳೆ ನೀವಿಬ್ಬರೂ ಬೇರೆಯಾದರೂ ಕಳಚುವುದಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಿ, ಯೋಚಿಸಲು ಸಮಯ ಕೊಡಿ.

ತೆರಿಗೆ. ಅಮೆರಿಕದ ಪ್ರಜೆ ಚಂದ್ರನ ಮೇಲಿದ್ದರೂ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕು. ಮದುವೆಯಾಗಿ ಪ್ರತ್ಯೇಕ ರಿಟರ್ನ್ ಸಲ್ಲಿಸುವವರಿಗೆ ಆದಾಯದ ಮಿತಿ ಎಷ್ಟು ಗೊತ್ತೇ? ಐದು ಡಾಲರ್. ಒಂದು ಮಸಾಲೆ ದೋಸೆ, ಕಾಫಿಯ ದುಡ್ಡು. ಹೆದರಬೇಡಿ, ಸಲ್ಲಿಸುವುದು ಬೇರೆ, ಕಟ್ಟುವುದು ಬೇರೆ. ವಿದೇಶದಲ್ಲಿ ದುಡಿದದ್ದಕ್ಕೆ 2025ರಲ್ಲಿ 1,30,000 ಡಾಲರ್‌ವರೆಗೆ ವಿನಾಯಿತಿ ಇದೆ, ಮೇಲಾಗಿ ಇಲ್ಲಿ ಕಟ್ಟಿದ ತೆರಿಗೆಗೂ ಲೆಕ್ಕ ಸಿಗುತ್ತದೆ. ಗೊತ್ತಿಲ್ಲದೆ ಬಿಟ್ಟವರಿಗಾಗಿಯೇ ಅಲ್ಲಿಯ ತೆರಿಗೆ ಇಲಾಖೆ ಐಆರ್‌ಎಸ್ ಇಟ್ಟಿರುವ ಸ್ಟ್ರೀಮ್‌ಲೈನ್ಡ್ ವ್ಯವಸ್ಥೆಯಲ್ಲಿ ಹಿಂದಿನ ಮೂರು ವರ್ಷದ ರಿಟರ್ನ್, ಆರು ವರ್ಷದ ವಿದೇಶಿ ಬ್ಯಾಂಕ್ ಖಾತೆಗಳ ವರದಿ ಕೊಟ್ಟು ಸರಿಮಾಡಿಕೊಳ್ಳಬಹುದು. ಎಲ್ಲ ಖಾತೆ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಆ ವರದಿ ಕಡ್ಡಾಯ. ಐ-864ಕ್ಕೆ ಇತ್ತೀಚಿನ ವರ್ಷದ ರಿಟರ್ನ್ ಇಲ್ಲದೆ ಆಗುವುದಿಲ್ಲ, ಆದ್ದರಿಂದ ಇದನ್ನು ಈಗಲೇ ಶುರು ಮಾಡಿ. ನಿಮ್ಮ ತಿಂಗಳ ಎಸ್‌ಐಪಿ ಬಗ್ಗೆ ಅಮೆರಿಕದ ತೆರಿಗೆ ಬಲ್ಲ ಲೆಕ್ಕಿಗರನ್ನು ಕೇಳಿ. ನಮ್ಮ ಮ್ಯೂಚುವಲ್ ಫಂಡ್‌ಗಳನ್ನು ಅವರ ತೆರಿಗೆ ಕಾನೂನು ಕೆಟ್ಟ ಕಣ್ಣಿನಿಂದ ನೋಡುತ್ತದೆ, ಒಂದೊಂದು ಫಂಡಿಗೂ ಒಂದೊಂದು ಫಾರಂ. ಮನೆಯ ಹತ್ತಿರದ ಸಿಎ ಎಷ್ಟೇ ಒಳ್ಳೆಯವರಿರಲಿ, ಇದು ಅವರ ಕೆಲಸವಲ್ಲ. ಅಪ್ಪನ ಹಳೆಯ ಟ್ರಂಕಿನಲ್ಲಿ ನಿಮ್ಮ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಇದೆಯೇ ಎಂದೂ ಹುಡುಕಿಸಿ. ಹುಟ್ಟಿದಾಗಲೇ ಮಾಡಿಸಿರುತ್ತಾರೆ, ಆ ಸಂಖ್ಯೆ ತೆರಿಗೆಗೂ ಬೇಕು, ಐ-864ಕ್ಕೂ ಬೇಕು.

ಹೆಂಡತಿಯ ಹೆಸರಿನ ಬಗ್ಗೆ ನೀವೇನೂ ಬರೆದಿಲ್ಲ, ಆದರೆ ಹಾಸನದ ಕಡೆಯವರು ಎಂದ ಕೂಡಲೇ ನಾನು ಕೇಳುವುದು ಅದನ್ನೇ. ಪಾಸ್‌ಪೋರ್ಟ್ ತೆಗೆದು ನೋಡಿ. ಸರ್‌ನೇಮ್ ಜಾಗ ಖಾಲಿ ಇದ್ದು, ಗಿವನ್ ನೇಮ್ ಕಡೆ ‘ಸುಮಾ ಎಚ್ ಆರ್’ ಎಂದು ಒಟ್ಟಿಗೆ ಇದೆಯೇ? ಎಚ್ ಅಂದರೆ ಹೊಳೆನರಸೀಪುರ, ಆರ್ ಅಂದರೆ ಅಪ್ಪ ರಾಮೇಗೌಡರು. ನಮಗೆ ಇದರಲ್ಲಿ ಊರು, ಮನೆತನ ಎಲ್ಲ ಕಾಣುತ್ತದೆ. ಅಮೆರಿಕದ ಕಂಪ್ಯೂಟರಿಗೆ ಸರ್‌ನೇಮ್ ಇಲ್ಲದ ಮನುಷ್ಯರೇ ಇಲ್ಲ. ಅದು ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚು ಹಾಕುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗಿಡ್ಡ ರೂಪ. ಆಮೇಲೆ ಗ್ರೀನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅವಳು ‘ಫ್ನು’. ಈ ನಾಮಕರಣ ತಪ್ಪಿಸಲು ಐ-130 ಹಾಕುವ ಮುನ್ನವೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಕೊಟ್ಟು ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಇನಿಷಿಯಲ್ ಬಿಡಿಸಿ ಬರೆಸಿದರೆ ಇನ್ನೂ ಒಳ್ಳೆಯದು.

ಇದರ ಜೊತೆಗೇ ಜನನ ಪ್ರಮಾಣಪತ್ರ. ತೊಂಬತ್ತರ ದಶಕದಲ್ಲಿ ಹುಟ್ಟಿದ ಎಷ್ಟೋ ಜನರದ್ದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ‘ಹೆಣ್ಣು’ ಎಂದಷ್ಟೇ ಇರುತ್ತದೆ. ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಿ. ನೋಂದಣಿಯೇ ಆಗಿಲ್ಲವಾದರೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ತಂದೆ ತಾಯಿಯ ಅಫಿಡವಿಟ್. ಕನ್ನಡದಲ್ಲಷ್ಟೇ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ನೋಟರಿ, ಸರ್ಕಾರಿ ಭಾಷಾಂತರಕಾರ ಎಂದು ಅಲೆಯಬೇಡಿ. ಎರಡೂ ಭಾಷೆ ಬಲ್ಲವರು ಅನುವಾದಿಸಿ, ‘ನನಗೆ ಎರಡೂ ಭಾಷೆ ಬರುತ್ತದೆ, ಇದು ನಿಖರವಾಗಿದೆ’ ಎಂದು ಬರೆದು ಸಹಿ ಹಾಕಿದರಾಯಿತು. ಅಂದ ಹಾಗೆ ಐ-130ರಲ್ಲಿ ಹೆಂಡತಿಯ ಹೆಸರು, ವಿಳಾಸವನ್ನು ಅವಳ ಭಾಷೆಯ ಲಿಪಿಯಲ್ಲಿ ಬರೆಯುವ ಜಾಗವಿದೆ. ಬಹಳ ಜನ ಖಾಲಿ ಬಿಡುತ್ತಾರೆ. ಕನ್ನಡದಲ್ಲಿ ಬರೆಯಿರಿ, ಅಮೆರಿಕದ ಸರ್ಕಾರ ತಾನಾಗಿ ಕನ್ನಡ ಕೇಳುವ ಅಪರೂಪದ ಜಾಗ ಅದು.

ಉಳಿದದ್ದು ಬೇಗ ಹೇಳುತ್ತೇನೆ. ಪ್ರಜೆಯ ಹೆಂಡತಿಗೆ ವಾರ್ಷಿಕ ಕೋಟಾ ಇಲ್ಲ, ಸರದಿ ಇಲ್ಲ. ಆದರೂ ಕಡತ ತೆವಳುತ್ತದೆ, ಐ-130 ಒಂದಕ್ಕೇ ವರ್ಷ ದಾಟುವುದು ಮಾಮೂಲು. ಮಂಜೂರಾದ ಮೇಲೆ ವೀಸಾ ಸೆಂಟರ್‌ಗೆ 325 ಮತ್ತು 120 ಡಾಲರ್ ಎಂದು ಎರಡು ಶುಲ್ಕ. ಇವನ್ನು ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು, ನಿಮಗೆ ಖಾತೆ ಇಲ್ಲದಿದ್ದರೆ ಚಿಕ್ಕಪ್ಪನ ಖಾತೆಯಿಂದ ಆದೀತು. ನಂತರ ಡಿಎಸ್-260 ಎಂಬ ವಲಸೆ ವೀಸಾ ಅರ್ಜಿ, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಲ್ಲ, ಅಲ್ಲೇ ಮುಗಿಯುವುದಿಲ್ಲವೇ ಎಂದು ವಾರಕ್ಕೊಬ್ಬರು ಕೇಳುತ್ತಾರೆ. ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆಯೇ ಇರಲಿಲ್ಲ. ಈ ಬಗೆಯ ವಲಸೆ ವೀಸಾದ ಸಂದರ್ಶನಕ್ಕೆ ಮುಂಬೈನ ಬಾಂದ್ರಾ-ಕುರ್ಲಾಕ್ಕೆ ಹೋಗುವ ಲೆಕ್ಕ ಇಟ್ಟುಕೊಳ್ಳಿ. ವೈದ್ಯಕೀಯ ತಪಾಸಣೆ ಕಾನ್ಸುಲೇಟಿನ ಪಟ್ಟಿಯಲ್ಲಿರುವ ವೈದ್ಯರಲ್ಲಿ ಮಾತ್ರ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡರೆ ಕಫದ ಕಲ್ಚರ್‌ಗೆ ಎಂಟು ವಾರ ಹಿಡಿಯುತ್ತದೆ, ಹಾಗಾಗಿ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ವೀಸಾ ಬಂದ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಪ್ರವೇಶ, ಅದಕ್ಕೆ ಮುಂಚೆ ಗ್ರೀನ್ ಕಾರ್ಡಿನ 235 ಡಾಲರ್.

ಪ್ರವೇಶದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದರ ಅವಧಿ ಮುಗಿಯುವ ಮುನ್ನಿನ 90 ದಿನದಲ್ಲಿ ಮತ್ತೊಂದು ಅರ್ಜಿ, ಮತ್ತೊಮ್ಮೆ ಮದುವೆಯ ಸಾಕ್ಷಿ. ನಿಮಗೆ 2026ರ ನವೆಂಬರಿಗೆ ಎರಡು ವರ್ಷ ಆಗುತ್ತದೆ. ಅದರ ಆಚೆ ಕಾಲಿಟ್ಟರೆ ನೇರ ಹತ್ತು ವರ್ಷದ ಕಾರ್ಡ್. ವೀಸಾದ ಮೇಲೆ ಹಳೆಯ ಲೆಕ್ಕದಲ್ಲಿ ಸಿಆರ್-1 (ಷರತ್ತಿನದು) ಎಂದು ಅಚ್ಚಾಗಿದ್ದರೆ ವಿಮಾನ ನಿಲ್ದಾಣದ ಅಧಿಕಾರಿಗೆ ದಿನಾಂಕ ತೋರಿಸಿ ಐಆರ್-1 (ಷರತ್ತಿಲ್ಲದ್ದು) ಎಂದು ಬದಲಿಸಲು ಕೇಳಬೇಕು. ಕೇಳಬೇಕು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಅವರಾಗಿ ನೋಡುವುದಿಲ್ಲ.

ಈಗ ಮಗು. ಅಪ್ಪ ಅಮೆರಿಕನ್, ಹಾಗಾದರೆ ಮಗುವೂ ಅಮೆರಿಕನ್ ಎಂದು ನಿಮ್ಮ ಮನೆಯಲ್ಲಿ ಆಗಲೇ ತೀರ್ಮಾನವಾಗಿರಬಹುದು. ಆಗುವುದಿಲ್ಲ. ಒಬ್ಬರು ಮಾತ್ರ ಪ್ರಜೆಯಾಗಿರುವ ದಂಪತಿಗೆ ಹೊರದೇಶದಲ್ಲಿ ಹುಟ್ಟುವ ಮಗುವಿಗೆ ಪೌರತ್ವ ದಾಟಿಸಲು, ಆ ಪ್ರಜೆ ಮಗು ಹುಟ್ಟುವ ಮೊದಲು ಐದು ವರ್ಷ ಅಮೆರಿಕದ ನೆಲದ ಮೇಲೆ ಇದ್ದಿರಬೇಕು, ಅದರಲ್ಲಿ ಎರಡು ವರ್ಷ ಹದಿನಾಲ್ಕನೇ ವಯಸ್ಸಿನ ನಂತರದ್ದು. ನೀವಿದ್ದದ್ದು ನಾಲ್ಕು ವರ್ಷ, ಅದೂ ತೊಟ್ಟಿಲು ಮತ್ತು ನರ್ಸರಿಯಲ್ಲಿ. ಹಾಗಾಗಿ ಕಾನ್ಸುಲೇಟಿಗೆ ಹೋಗಿ ವಿದೇಶದಲ್ಲಿ ಜನನದ ವರದಿಗೆ ಅರ್ಜಿ ಹಾಕಿ ಶುಲ್ಕ ಕಳೆದುಕೊಳ್ಳಬೇಡಿ. ತಾಯಿ ಭಾರತೀಯಳಾದ್ದರಿಂದ ಇಲ್ಲಿ ಹುಟ್ಟುವ ಮಗು ಭಾರತದ ಪ್ರಜೆ, ಭಾರತದ ಪಾಸ್‌ಪೋರ್ಟ್ ಸಿಗುತ್ತದೆ.

ತಾಯಿಯ ವೀಸಾದ ಬಾಲ ಹಿಡಿದು ಮಗು ಹೋಗುವ ಹಾಗೂ ಇಲ್ಲ. ಪ್ರಜೆಯ ಹತ್ತಿರದ ಬಂಧುಗಳ ವರ್ಗದಲ್ಲಿ ತಲೆಗೊಂದು ಅರ್ಜಿ. ಹೆರಿಗೆಯಾದ ವಾರದಲ್ಲೇ ಹೆಸರಿಟ್ಟು, ಆ ಹೆಸರಿನೊಂದಿಗೆ ಜನನ ಪ್ರಮಾಣಪತ್ರ ತೆಗೆಸಿ, ಮಗುವಿಗೆ ಪ್ರತ್ಯೇಕ ಐ-130 ಸಲ್ಲಿಸಿ. ತೊಟ್ಟಿಲು ಶಾಸ್ತ್ರಕ್ಕೆ ಮುಹೂರ್ತ ತಡವಾಗುತ್ತದೆ ಎಂದು ಅಜ್ಜಿ ಹೇಳಿದರೆ ಶಾಸ್ತ್ರ ಆಮೇಲೆ ಮಾಡಿಕೊಳ್ಳಲಿ, ಕಾಗದದ ನಾಮಕರಣ ಮೊದಲು ಆಗಲಿ. ತಾಯಿಯ ಕಡತ ಅಷ್ಟರಲ್ಲಿ ಕೆಲವು ತಿಂಗಳು ಮುಂದಿರುತ್ತದೆ, ಆದ್ದರಿಂದ ಎರಡೂ ಸಂದರ್ಶನ ಒಟ್ಟಿಗೆ ಬೇಕೆಂದು ವೀಸಾ ಸೆಂಟರ್‌ಗೆ ಎರಡೂ ಕೇಸ್ ನಂಬರ್ ಹಾಕಿ ಬರೆಯಿರಿ. ಆ ವೀಸಾದಲ್ಲಿ ಮಗು ಅಮೆರಿಕಕ್ಕೆ ಬಂದಿಳಿದು ನಿಮ್ಮ ಜೊತೆ ವಾಸಕ್ಕೆ ಸೇರಿದರೆ, 2000ನೇ ಇಸವಿಯ ಕಾಯ್ದೆಯ ಪ್ರಕಾರ ತಾನಾಗಿ ಅಲ್ಲಿಯ ಪ್ರಜೆ. ನಿಮ್ಮ ಹೆಂಡತಿ ಆ ಪಾಸ್‌ಪೋರ್ಟಿಗೆ ಇನ್ನೂ ಕನಿಷ್ಠ ಮೂರು ವರ್ಷ ಕಾಯಬೇಕು, ಮಗು ಇಮಿಗ್ರೇಷನ್ ಕೌಂಟರ್ ದಾಟಿದ ದಿನವೇ ಅರ್ಹ.